ಕಾರಿನ ಬೆನ್ನ ಹಿಂದಿನ ಕೆಂಪು ದೀಪ

ಮೋಟಾರು ಕಾರಿನ ದೀಪಗಳಲ್ಲಿ ಒಂದು ಮಾತ್ರ ಅದನ್ನು ಓಡಿಸುವವನ ಕಣ್ಣಿಗೆ ಬೀಳುವುದೇ ಇಲ್ಲ. ಮುಂದಿನ ದೀಪ ಕೆಟ್ಟರೆ ರಸ್ತೆಯೇ ಕತ್ತಲಾಗಿ ಸುದ್ದಿ ತಿಳಿಸುತ್ತದೆ. ತಿರುವು ತೋರಿಸುವ ದೀಪ ಕೆಟ್ಟರೆ ‘ಟಿಕ್ ಟಿಕ್’ ಸದ್ದಿನ ತಾಳ ತಪ್ಪಿ ಕಿವಿಗೆ ಗೊತ್ತಾಗುತ್ತದೆ. ಬ್ರೇಕ್ ದೀಪದ ಸಂಗತಿ ಹಾಗಲ್ಲ. ನಾವು ಮುಂದೆ ನೋಡುತ್ತ ಕಾಲನ್ನು ಒತ್ತುತ್ತೇವೆ. ಅದು ನಮ್ಮ ಬೆನ್ನ ಹಿಂದೆ ಬೆಳಗುತ್ತದೆ. ಕೆಟ್ಟರೂ ಕಾರು ಎಂದಿನಂತೆಯೇ ಓಡುತ್ತದೆ, ಎಂದಿನಂತೆಯೇ ನಿಲ್ಲುತ್ತದೆ. ಕೆಟ್ಟಿದೆಯೆಂಬುದು ಮೊದಲು ತಿಳಿಯುವುದು ಹಿಂದೆ ಬರುವವನಿಗೆ. ಅವನಿಗೂ ಎಷ್ಟೋ ವೇಳೆ ತೀರ ತಡವಾಗಿ.

ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುವ ಬಂಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರು ದೂರ ಸಾಗುತ್ತದೆ. ಮುಂದಿನ ಕಾರು ನಿಲ್ಲುತ್ತಿದೆಯೆಂದು ದೀಪ ಹೇಳದಿದ್ದರೆ, ಅದು ಹತ್ತಿರ ಹತ್ತಿರ ಬರುತ್ತಿರುವುದನ್ನು ಕಣ್ಣಳತೆಯಿಂದಲೇ ತಿಳಿಯಬೇಕು. ಹಾಗೆ ತಿಳಿಯಲು ಒಂದು ಸೆಕೆಂಡು ಹೆಚ್ಚಾಗಿ ಹಿಡಿದರೂ 14 ಮೀಟರು ಹೋಯಿತು. ಆಷಾಢ ಮಾಸದಲ್ಲಿ ಆಗುಂಬೆಯದೋ ಚಾರ್ಮಾಡಿಯದೋ ಘಾಟಿಯಲ್ಲಿ ಇಳಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮಂಜಿನೊಳಗೆ ಕಾರಿನ ಮೈ ಕಾಣುವುದೇ ಇಲ್ಲ. ಕಾಣುವುದು ಎರಡು ಕೆಂಪು ಚುಕ್ಕೆಗಳು ಮಾತ್ರ.

ಹೊಸ ಕಾರುಗಳ ಮಾತನ್ನು ನಾನಿಲ್ಲಿ ಎತ್ತುವುದಿಲ್ಲ. ನಮ್ಮ ಊರುಗಳಲ್ಲಿ ಹಲವು ಮನೆಗಳ ಮುಂದೆ ಇನ್ನೂ ಒಂದು ಅಂಬಾಸಿಡರು, ಇಲ್ಲವೆ ಒಂದು ಮಾರುತಿ 800 ನಿಂತಿರುತ್ತದೆ. ಮೊದಲನೆಯದು 1950ರ ದಶಕದ ಕೊನೆಯಿಂದ 2014ರ ವರೆಗೆ ಬಂಗಾಳದ ಉತ್ತರಪಾರದಲ್ಲಿ ತಯಾರಾಯಿತು. ಎರಡನೆಯದು 1983ರಲ್ಲಿ ಬಂದು, ಅದೂ 2014ರಲ್ಲಿಯೇ ನಿಂತಿತು. ಮಾವನವರಿಂದಲೋ ತಂದೆಯವರಿಂದಲೋ ಬಂದ ಇಂಥ ಕಾರನ್ನು ಮಾರಲು ಮನಸ್ಸು ಬಾರದೆ ಇಟ್ಟುಕೊಂಡವರು ಬಹಳ ಮಂದಿ. ಹದಿನೈದು ವರ್ಷ ತುಂಬಿದ ಸ್ವಂತ ಕಾರಿನ ನೋಂದಣಿಯನ್ನು ನವೀಕರಿಸುವಾಗ ತಪಾಸಣೆಗೆ ಒಯ್ಯಬೇಕಷ್ಟೆ. ಬ್ರೇಕ್ ದೀಪವಿಲ್ಲದ ಕಾರು ಅಲ್ಲಿ ಒಪ್ಪಿಗೆಯಾಗದು. ಆದರೆ ತಪಾಸಣೆಯ ದಿನವೊಂದನ್ನು ಬಿಟ್ಟು ಉಳಿದ ದಿನಗಳ ಪಾಡೇನು? ಅದಕ್ಕಾಗಿಯೇ ಈ ಲೇಖನ.

ಮೊದಲು ಹೆಸರಿನ ವಿಚಾರ ಒಂದು ಮಾತು. ಕನ್ನಡ ಪಂಡಿತನಾದ ನನಗೆ ‘ತಡೆದೀಪ’ ಎಂಬ ಮಾತು ಇಷ್ಟವೇ. ಆದರೆ ಗ್ಯಾರೇಜಿಗೆ ಹೋಗಿ ‘ತಡೆದೀಪ ಕೆಟ್ಟಿದೆಯಪ್ಪ’ ಎಂದರೆ ಅಲ್ಲಿನ ಹುಡುಗ ಕಣ್ಣು ಕಣ್ಣು ಬಿಡುತ್ತಾನೆ. ಬಲ್ಬು, ಸ್ವಿಚ್ಚು, ಫ್ಯೂಸು, ಹೋಲ್ಡರು, ಅರ್ತು ಎಂಬ ಐದು ಮಾತುಗಳು ಈಗ ಕನ್ನಡವೇ ಆಗಿವೆ. ಇವಿಷ್ಟರಲ್ಲಿ ನಮ್ಮ ಕೆಲಸ ನಡೆಯುತ್ತದೆ.

ವಿದ್ಯುತ್ತಿನ ದಾರಿ ಹೀಗೆ. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸಿನ ಮೂಲಕ ಬ್ರೇಕ್ ಸ್ವಿಚ್ಚಿಗೆ ಬರುತ್ತದೆ. ಎಷ್ಟೋ ಕಾರುಗಳಲ್ಲಿ ನಡುವೆ ಬೀಗದ ಕೈಯ ಸ್ವಿಚ್ಚೂ ಉಂಟು. ಕೈ ತಿರುಗಿಸದೆ ಬ್ರೇಕ್ ದೀಪ ಹತ್ತದು. ಕಾಲು ಒತ್ತಿದಾಗ ಸ್ವಿಚ್ಚು ಕೂಡಿಕೊಂಡು ಕರೆಂಟು ಒಂದೇ ತಂತಿಯಲ್ಲಿ ಕಾರಿನ ಹಿಂಭಾಗಕ್ಕೆ ಓಡುತ್ತದೆ. ಅಲ್ಲಿ ತಂತಿ ಎರಡು ಕವಲಾಗಿ ಎಡದ ಬಲ್ಬಿಗೊಂದು, ಬಲದ ಬಲ್ಬಿಗೊಂದು. ಬಲ್ಬಿನ ಎಳೆಯನ್ನು ಕಾಯಿಸಿದ ಮೇಲೆ ಅದು ಮರಳಿ ಬ್ಯಾಟರಿಗೆ ಹೋಗಬೇಕು. ಮನೆಯಲ್ಲಾದರೆ ಹೋಗಲೊಂದು, ಬರಲೊಂದು ತಂತಿ. ಕಾರಿನಲ್ಲಿ ಮರಳುವ ದಾರಿಗೆ ತಂತಿಯಿಲ್ಲ. ಕಾರಿನ ಉಕ್ಕಿನ ಮೈಯೇ ಆ ದಾರಿ. ಇದಕ್ಕೇ ಮೆಕ್ಯಾನಿಕ್ಕರು ‘ಬಾಡಿ ಅರ್ತು’ ಎನ್ನುವುದು. ನಾಲ್ಕು ರಬ್ಬರ್ ಚಕ್ರಗಳ ಮೇಲೆ ನಿಂತ ಕಾರಿಗೂ ಭೂಮಿಗೂ ಇಲ್ಲಿ ಯಾವ ಸಂಬಂಧವೂ ಇಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ.

ಈ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ರೋಗನಿದಾನ ಆದಂತೆಯೇ. ಒಂದೇ ಕಡೆಯ ದೀಪ ಕೆಟ್ಟಿದ್ದರೆ ದೋಷ ಕವಲಿನ ಆಚೆ ಇದೆ. ಎರಡೂ ಕೆಟ್ಟಿದ್ದರೆ ಕವಲಿನ ಈಚೆ ಹುಡುಕಬೇಕು. ಇದಕ್ಕೆ ಒಂದು ಅಪವಾದವಿದೆ. ಅದನ್ನು ಮುಂದೆ ಹೇಳುತ್ತೇನೆ.

ನೋಡುವ ಬಗೆ ಹೇಗೆ? ಸಂಜೆಯ ಹೊತ್ತು ಕಾರನ್ನು ಹಿಂದು ಮುಂದಾಗಿ ಸುಣ್ಣದ ಗೋಡೆಯ ಬಳಿ ನಿಲ್ಲಿಸಿ ಬ್ರೇಕ್ ಒತ್ತಿದರೆ ಗೋಡೆಯ ಮೇಲೆ ಬೀಳುವ ಕೆಂಪು, ಕನ್ನಡಿಯಲ್ಲಿ ಕಾಣುತ್ತದೆ. ಎರಡು ಕಡೆಯೂ ಸಮನಾಗಿದೆಯೇ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಸುಲಭ: ಎಂಜಿನ್ ನಿಲ್ಲಿಸಿ, ಕೈಬ್ರೇಕ್ ಎಳೆದು, ಮಗುವನ್ನು ಕಾರಿನ ನೇರ ಹಿಂದಕ್ಕಲ್ಲ, ಓರೆಗೆ ದೂರದಲ್ಲಿ ನಿಲ್ಲಿಸಿ ಕೇಳಿ. ಕೇಳಬೇಕಾದ ಪ್ರಶ್ನೆ ‘ಹತ್ತಿತೆ?’ ಎಂಬುದೊಂದೇ ಅಲ್ಲ. ಎಡದ್ದು ಹತ್ತಿತೆ, ಬಲದ್ದು ಹತ್ತಿತೆ, ಎರಡೂ ಒಂದೇ ಸಮ ಪ್ರಕಾಶವೆ, ಮೆಲ್ಲಗೆ ಒತ್ತಿದರೂ ಹತ್ತುವುದೆ, ಕಾಲು ತೆಗೆದ ಕೂಡಲೇ ಆರುವುದೆ — ಇಷ್ಟೂ ಬೇಕು. ಬಳಿಕ ರಾತ್ರಿಯ ದೀಪವನ್ನು ಹಾಕಿಕೊಂಡು ಇವೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ. ಈ ಎರಡನೆಯ ಸರದಿಯನ್ನು ಬಹುಪಾಲು ಜನ ಬಿಟ್ಟುಬಿಡುತ್ತಾರೆ; ಅತ್ಯಂತ ಕುತೂಹಲದ ದೋಷ ಹೊರಬೀಳುವುದು ಅದರಲ್ಲಿಯೇ.

ಒಂದೇ ಕಡೆ ಕತ್ತಲಾಗಿದ್ದರೆ ಮೊದಲು ಬಲ್ಬನ್ನು ತೆಗೆಯಿರಿ. ಹಳೆಯ ಕಾರುಗಳ ಹಿಂದಿನ ಬಲ್ಬು ಸಾಮಾನ್ಯವಾಗಿ ಎರಡು ಎಳೆಗಳದ್ದು. 5 ವ್ಯಾಟಿನ ಸಣ್ಣ ಎಳೆ ರಾತ್ರಿಯ ದೀಪಕ್ಕೆ, 21 ವ್ಯಾಟಿನ ದೊಡ್ಡ ಎಳೆ ಬ್ರೇಕಿಗೆ. ಒಂದು ಎಳೆ ಕಡಿದರೂ ಇನ್ನೊಂದು ಉರಿಯುತ್ತಿರುತ್ತದೆ. ‘ರಾತ್ರಿ ದೀಪ ಚೆನ್ನಾಗಿಯೇ ಉರಿಯುತ್ತಿದೆ, ಬಲ್ಬು ಹೋಗಿಲ್ಲ’ ಎಂದು ವಾದಿಸುವವರು ಈ ಮರ್ಮವನ್ನು ಅರಿಯರು. ಬಲ್ಬನ್ನು ಬೆಳಕಿಗೆ ಹಿಡಿದು ಎರಡು ಎಳೆಗಳನ್ನೂ ನೋಡಿ. ಗಾಜಿನೊಳಗೆ ಕಪ್ಪು ಕವಿದಿದ್ದರೆ ಎಳೆ ಉಳಿದಿದ್ದರೂ ಅದರ ಆಯುಸ್ಸು ಮುಗಿಯುತ್ತ ಬಂದಿದೆಯೆಂದೇ ತಿಳಿಯಿರಿ.

ಹೊಸ ಬಲ್ಬನ್ನು ಹಾಕುವಾಗ ಒಂದು ಎಚ್ಚರಿಕೆ. ಈ ಬಲ್ಬಿನ ಹಿತ್ತಾಳೆಯ ಕುತ್ತಿಗೆಯಲ್ಲಿ ಎರಡು ಮೊಳೆಗಳಿರುತ್ತವೆ. ಒಂದು ತುಸು ಮೇಲೆ, ಒಂದು ತುಸು ಕೆಳಗೆ. ಬಲ್ಬು ಒಂದೇ ರೀತಿಯಲ್ಲಿ ಕೂರಲಿ ಎಂದೇ ಹೀಗೆ ಮಾಡಿದ್ದು. ಆದರೆ ಹೋಲ್ಡರು ಸವೆದಿದ್ದರೆ, ಅಥವಾ ಕೂರಿಸುವವನಿಗೆ ತೋಳಿನ ಬಲ ಹೆಚ್ಚಾಗಿದ್ದರೆ, ಅದು ತಿರುವುಮುರುವಾಗಿಯೂ ಕುಳಿತುಬಿಡುತ್ತದೆ. ಆಗ ರಾತ್ರಿಯೆಲ್ಲ 21 ವ್ಯಾಟು ಉರಿದು, ಬ್ರೇಕ್ ಒತ್ತಿದಾಗ ಅದರ ಜತೆಗೆ ಬರಿಯ 5 ವ್ಯಾಟು ಸೇರುತ್ತದೆ. ಹಿಂದಿನವನಿಗೆ ವ್ಯತ್ಯಾಸವೇ ಕಾಣದು. ಒಂದು ಕಡೆಯ ರಾತ್ರಿದೀಪ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಪ್ರಖರವಾಗಿದ್ದರೆ ಈ ತಪ್ಪನ್ನು ಸಂಶಯಿಸಿ.

ಬಲ್ಬು ಸರಿಯಿದ್ದೂ ದೀಪ ಹತ್ತದಿದ್ದರೆ ಹೋಲ್ಡರಿನೊಳಗೆ ನೋಡಬೇಕು. ತಳದಲ್ಲಿ ಎರಡು ಸಣ್ಣ ಸ್ಪ್ರಿಂಗು ಮೊಟ್ಟೆಗಳಿರುತ್ತವೆ. ನಮ್ಮ ಕರಾವಳಿಯ ಹವೆಯಲ್ಲಿ ಇವುಗಳಿಗೆ ಹಸಿರು ಕಿಲುಬು ಹಿಡಿಯಲು ಎರಡು ಮಳೆಗಾಲ ಸಾಕು; ಬಯಲುಸೀಮೆಯಲ್ಲಿ ಧೂಳು ಆ ಕೆಲಸ ಮಾಡುತ್ತದೆ. ಕೈ ತಿರುಗಿಸಿ ಕರೆಂಟನ್ನು ನಿಲ್ಲಿಸಿ, ಸಾಧ್ಯವಾದರೆ ಬ್ಯಾಟರಿಯ ಒಂದು ತಂತಿಯನ್ನೇ ಕಳಚಿ, ಪೆನ್ಸಿಲಿನ ತುದಿಗೆ ಉಪ್ಪುಕಾಗದದ ಚೂರನ್ನು ಸುತ್ತಿ ಒಳಗೆ ನಾಲ್ಕು ಸಲ ತಿರುಗಿಸಿದರೆ ಹಿತ್ತಾಳೆಯ ಬಣ್ಣ ಮರಳುತ್ತದೆ. ಸ್ಪ್ರಿಂಗು ಕುಗ್ಗಿ ಹೋಗಿದ್ದರೆ ಹೋಲ್ಡರನ್ನೇ ಬದಲಾಯಿಸಬೇಕು.

ಈಗ ಅರ್ತಿನ ವಿಚಾರಕ್ಕೆ ಬರುತ್ತೇನೆ. ಹಳೆಯ ಕಾರಿನ ದೀಪದೋಷಗಳಲ್ಲಿ ಜನರನ್ನು ಬಹಳ ಅಲೆಸುವುದು ಇದೇ. ನಮ್ಮ ಶಾಲೆಯ ಗಣಿತದ ಮೇಷ್ಟರೊಬ್ಬರ ಕಾರಿನಲ್ಲಿ ವಿಚಿತ್ರ ನಡೆಯುತ್ತಿತ್ತು. ಬ್ರೇಕ್ ಒತ್ತಿದರೆ ಎಡದ ಬ್ರೇಕ್ ದೀಪ ಹತ್ತುವುದಿಲ್ಲ. ಬದಲಾಗಿ ನಂಬರ್ ಪ್ಲೇಟಿನ ದೀಪವೂ ಮುಂದಿನ ಸಣ್ಣ ದೀಪಗಳೂ ಮಿಣುಕು ಮಿಣುಕಾಗಿ ಹತ್ತುತ್ತವೆ. ರಾತ್ರಿದೀಪ ಹಾಕಿಕೊಂಡು ಒತ್ತಿದರೆ, ಮಂಕಾಗಿ ಉರಿಯುತ್ತಿದ್ದ ಎಡದ ದೀಪ ಕೆಂಪೇರುವ ಬದಲು ಆರಿಯೇ ಹೋಗುತ್ತದೆ! ಊರಿನ ಗ್ಯಾರೇಜೊಂದರಲ್ಲಿ ಮೂರು ಸಲ ಬಲ್ಬು ಬದಲಾಯಿಸಿದರು. ಕೊನೆಗೆ ‘ವೈರಿಂಗ್ ಪೂರಾ ಹೋಗಿದೆ ಸಾರ್, ಹೊಸದು ಎಳೀಬೇಕು’ ಎಂದು ಹೇಳಿ, ಹೊಸ ತಂತಿ ಎಳೆದು ಹಣವನ್ನೂ ಪಡೆದರು. ದೀಪ ಮಾತ್ರ ಮೊದಲಿನಂತೆಯೇ ಆಡುತ್ತಿತ್ತು.

ನಡೆಯುತ್ತಿದ್ದುದು ಇಷ್ಟೆ. ಗದ್ದೆಯ ತೂಬು ಕಟ್ಟಿಕೊಂಡರೆ ಬಂದ ನೀರು ಎಲ್ಲಿಗೆ ಹೋಗಬೇಕು? ಬದುವನ್ನು ಹತ್ತಿ ಪಕ್ಕದ ಗದ್ದೆಗೆ ಇಳಿದು ಅಲ್ಲಿಯ ತೂಬಿನಿಂದ ಹರಿದು ಹೋಗುತ್ತದೆ. ಎಡದ ಹೋಲ್ಡರು ಕಾರಿನ ಮೈಗೆ ಕೂಡುವ ಜಾಗದಲ್ಲಿ ತುಕ್ಕು ಕಟ್ಟಿತ್ತು. ಬ್ರೇಕಿನ ದೊಡ್ಡ ಎಳೆಯ ಮೂಲಕ ಬಂದ ಕರೆಂಟಿಗೆ ಮೈಯೊಳಗೆ ಇಳಿಯಲು ದಾರಿಯಿಲ್ಲ. ಅದೇ ಬಲ್ಬಿನ ಸಣ್ಣ ಎಳೆಯನ್ನು ಹಿಂದುಮುಂದಾಗಿ ಹತ್ತಿ, ರಾತ್ರಿದೀಪದ ತಂತಿಯೊಳಗೆ ನುಗ್ಗಿ, ಆ ತಂತಿಗೆ ಸೇರಿದ ಉಳಿದ ದೀಪಗಳ ಮೂಲಕ ಅದು ಮೈಯನ್ನು ಸೇರುತ್ತಿತ್ತು. ಅಷ್ಟು ದೂರ, ಅಷ್ಟು ಎಳೆಗಳನ್ನು ದಾಟುವಾಗ ಯಾವುದನ್ನೂ ಪೂರ್ಣವಾಗಿ ಬೆಳಗಿಸುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಇನ್ನು ರಾತ್ರಿದೀಪವೂ ಹಾಕಿದ್ದಾಗಲೋ, ಎರಡು ಕಡೆಯಿಂದಲೂ ಒಂದೇ ಒತ್ತಡದ ನೀರು ಬಂದಂತಾಗಿ ನಡುವೆ ಹರಿವೇ ನಿಂತುಹೋಗುತ್ತದೆ, ದೀಪ ಆರುತ್ತದೆ.

ಪರೀಕ್ಷೆ ಸುಲಭ. ಒಂದು ಮಾರು ತಂತಿಯ ಎರಡು ತುದಿಗಳನ್ನೂ ಹೆರೆದು, ಒಂದನ್ನು ಹೋಲ್ಡರಿನ ಲೋಹದ ಮೈಗೂ ಇನ್ನೊಂದನ್ನು ಕಾರಿನ ಬಣ್ಣವಿಲ್ಲದ ಯಾವುದಾದರೂ ಶುದ್ಧ ಲೋಹಕ್ಕೂ ಅದುಮಿ ಹಿಡಿಯಿರಿ. ಇನ್ನೊಬ್ಬರು ಬ್ರೇಕ್ ಒತ್ತಲಿ. ದೀಪ ಝಗ್ಗನೆ ಹತ್ತಿದರೆ ದೋಷ ಅರ್ತಿನಲ್ಲಿಯೇ, ಅನುಮಾನವಿಲ್ಲ. ಗಣಿತದ ಮೇಷ್ಟರ ಕಾರಿನಲ್ಲಿ ಹೀಗೆಯೇ ಆಯಿತು. ಹೋಲ್ಡರನ್ನು ಕೂಡಿಸುವ ಸ್ಕ್ರೂವನ್ನು ಬಿಚ್ಚಿ, ಕೆಳಗಿನ ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ, ಮತ್ತೆ ಬಿಗಿದು ಮೇಲೆ ತುಸು ಗ್ರೀಸು ಸವರಿದ್ದಾಯಿತು. ಕಾಗದದ ಬೆಲೆಯನ್ನು ಬಿಟ್ಟರೆ ಖರ್ಚಿಲ್ಲ. ಡಿಕ್ಕಿಯೊಳಗೆ ಹೊಸದಾಗಿ ಬಣ್ಣ ಹೊಡೆಸಿದ ಕಾರುಗಳಲ್ಲಿ ತುಕ್ಕಿಲ್ಲದಿದ್ದರೂ ಇದೇ ರೋಗ ಬರುವುದುಂಟು. ಬಣ್ಣವೂ ಕರೆಂಟಿಗೆ ಗೋಡೆಯೇ.

ಎರಡು ದೀಪಗಳೂ ಕತ್ತಲಾಗಿದ್ದರೆ ಏನು ಮಾಡಬೇಕು? ಹಿಂದೆ ಹೇಳಿದ ಅಪವಾದ ಇಲ್ಲಿ ಬರುತ್ತದೆ. ಎರಡು ಬಲ್ಬುಗಳು ಒಂದೇ ದಿನ ಸಾಯುವುದು ಅಪರೂಪವೆಂದು ಎಲ್ಲರೂ ಹೇಳುತ್ತಾರೆ; ಅದು ನಿಜ. ಆದರೆ ಒಂದು ಬಲ್ಬು ಹೋದ ವರ್ಷ ಗೌರಿಹಬ್ಬದ ಹೊತ್ತಿಗೆ ಸತ್ತಿರಬಹುದು. ಯಾರೂ ನೋಡಲಿಲ್ಲ. ಉಳಿದದ್ದು ಈ ಯುಗಾದಿಗೆ ಸತ್ತಿತು. ಆದುದರಿಂದ ಎರಡೂ ಕತ್ತಲಾಗಿದ್ದರೂ ಮೊದಲು ಬಲ್ಬುಗಳನ್ನೇ ತೆಗೆದು ನೋಡಿ. ಅವು ಸರಿಯಿದ್ದರೆ ಮುಂದೆ ಫ್ಯೂಸು. ಹಳೆಯ ಕಾರುಗಳಲ್ಲಿ ಒಂದೇ ಫ್ಯೂಸು ಹಲವು ಸಂಸಾರಗಳನ್ನು ಸಾಕುತ್ತದೆ. ತಿರುವಿನ ದೀಪ, ವೈಪರು ಮೊದಲಾದವೂ ಜತೆಗೇ ನಿಂತಿದ್ದರೆ ಫ್ಯೂಸನ್ನೇ ಹಿಡಿಯಬೇಕು. ಹೊಸ ಫ್ಯೂಸು ಹಾಕಿದ ಕೂಡಲೇ, ಅಥವಾ ಬ್ರೇಕ್ ಒತ್ತಿದ ಕೂಡಲೇ, ಮತ್ತೆ ಕರಗಿದರೆ ಎಲ್ಲಿಯೋ ತಂತಿಯ ಹೊದಿಕೆ ಸವೆದು ಕಾರಿನ ಮೈಗೆ ತಾಗಿದೆಯೆಂದು ಅರ್ಥ. ಡಿಕ್ಕಿಯ ಮುಚ್ಚಳದ ಕೀಲಿನ ಬಳಿ, ತಗಡಿನ ತೂತಿನಲ್ಲಿ ತಂತಿ ನುಸುಳುವ ಕಡೆ ಹುಡುಕಿ. ಫ್ಯೂಸಿನ ಬದಲು ಸಿಗರೇಟಿನ ಬೆಳ್ಳಿಕಾಗದವನ್ನೋ ತಾಮ್ರದ ತಂತಿಯನ್ನೋ ಸಿಕ್ಕಿಸುವ ಜಾಣತನ ಬೇಡವೇ ಬೇಡ. ಫ್ಯೂಸು ಕರಗುವುದು ತಂತಿ ಕರಗದಿರಲೆಂದು. ಪೆಟ್ರೋಲು ಹೊತ್ತ ಬಂಡಿಯಲ್ಲಿ ತಂತಿ ಕೆಂಪಗೆ ಕಾದರೆ ಏನಾಗುವುದೆಂಬುದನ್ನು ಬೇರೆ ಹೇಳಬೇಕೆ?

ಫ್ಯೂಸೂ ಸರಿಯಿದ್ದರೆ ಉಳಿಯುವುದು ಸ್ವಿಚ್ಚು. ಇದು ಎರಡು ಬಗೆ. ಮಾರುತಿಯಂಥ ಕಾರುಗಳಲ್ಲಿ ಕಾಲಿನ ಪೆಡಲಿನ ಮೇಲ್ಭಾಗದಲ್ಲಿ ಒಂದು ಗುಂಡಿಯಿರುತ್ತದೆ. ಪೆಡಲು ಸುಮ್ಮನಿದ್ದಾಗ ಅದು ಗುಂಡಿಯನ್ನು ಒತ್ತಿಹಿಡಿದಿರುತ್ತದೆ. ಕಾಲಿಟ್ಟಾಗ ಗುಂಡಿ ಹೊರಬಂದು ಸ್ವಿಚ್ಚು ಕೂಡುತ್ತದೆ. ಹಳೆಯ ಅಂಬಾಸಿಡರಿನದು ಬೇರೆ ಬಗೆ. ಅಲ್ಲಿ ಸ್ವಿಚ್ಚನ್ನು ಬ್ರೇಕ್ ಎಣ್ಣೆಯ ಕೊಳವೆಗೇ ತಿರುಪಿರುತ್ತಾರೆ. ಎಣ್ಣೆಯ ಒತ್ತಡ ಏರಿದಾಗ ಒಳಗಿನ ತೆಳುಪೊರೆ ಉಬ್ಬಿ ಎರಡು ಮೊನೆಗಳನ್ನು ಕೂಡಿಸುತ್ತದೆ.

ಯಾವ ಬಗೆಯದಾದರೂ ಪರೀಕ್ಷೆ ಒಂದೇ. ಸ್ವಿಚ್ಚಿಗೆ ಬಂದಿರುವ ಎರಡು ತಂತಿಗಳನ್ನೂ ಕಳಚಿ, ಕೈ ತಿರುಗಿಸಿ, ಆ ಎರಡರ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ. ಅವು ಕಾರಿನ ಮೈಗೆ ತಾಗಬಾರದು. ಹಿಂದೆ ದೀಪ ಹತ್ತಿದರೆ ಸ್ವಿಚ್ಚೇ ಅಪರಾಧಿ. ಹತ್ತದಿದ್ದರೆ ‘ಟೆಸ್ಟ್ ಲ್ಯಾಂಪು’ ಬೇಕು. ಒಂದು 12 ವೋಲ್ಟಿನ ಬಲ್ಬಿಗೆ ಎರಡು ತಂತಿ ಕಟ್ಟಿದರೆ ಅದೇ ಟೆಸ್ಟ್ ಲ್ಯಾಂಪು. ಒಂದು ತುದಿ ಕಾರಿನ ಮೈಗೆ, ಇನ್ನೊಂದು ಸ್ವಿಚ್ಚಿಗೆ ಬರುವ ತಂತಿಗೆ. ಬಲ್ಬು ಹತ್ತದಿದ್ದರೆ ಕರೆಂಟು ಸ್ವಿಚ್ಚಿನವರೆಗೂ ಬಂದೇ ಇಲ್ಲ. ಫ್ಯೂಸಿನ ಕಡೆಗೆ ಹಿಂದಿರುಗಿ. ಹತ್ತಿದರೆ ದೋಷ ಸ್ವಿಚ್ಚಿನಿಂದ ಹಿಂಭಾಗಕ್ಕೆ ಹೋಗುವ ತಂತಿಯಲ್ಲಿದೆ. ಮೀಟರಿಗಿಂತ ಈ ಕೆಲಸಕ್ಕೆ ನಾನು ಬಲ್ಬನ್ನೇ ಮೆಚ್ಚುತ್ತೇನೆ. ಹತ್ತು ಎಳೆಗಳಲ್ಲಿ ಒಂಬತ್ತು ಕಡಿದ ತಂತಿಯಲ್ಲಿಯೂ ಮೀಟರು 12 ವೋಲ್ಟು ತೋರಿಸಿ ‘ಎಲ್ಲ ಕ್ಷೇಮ’ ಎನ್ನುತ್ತದೆ. ಬಲ್ಬಾದರೋ ಕರೆಂಟನ್ನು ನಿಜವಾಗಿ ಎಳೆಯುವುದರಿಂದ, ಅದರಲ್ಲಿಯೂ 21 ವ್ಯಾಟಿನ ಬಲ್ಬಾದರೆ, ಮಂಕಾಗಿ ಉರಿದು ಸತ್ಯವನ್ನು ಹೇಳಿಬಿಡುತ್ತದೆ.

ಎಣ್ಣೆಯ ಸ್ವಿಚ್ಚು ಒಮ್ಮೆಗೇ ಸಾಯುವುದಿಲ್ಲ, ಮುದಿಯಾಗುತ್ತದೆ. ಎರಡು ಬಲ್ಬು ಸೇರಿ 42 ವ್ಯಾಟು, ಎಂದರೆ ಮೂರೂವರೆ ಆಂಪಿಯರು, ಅದರ ಮೊನೆಗಳ ಮೇಲೆ ದಿನಕ್ಕೆ ನೂರಾರು ಸಲ ಹಾಯುತ್ತದೆ. ಮೊನೆಗಳು ಸುಟ್ಟು ಕರಿಯಾಗುತ್ತ ಬರುತ್ತವೆ. ಆಗ ಜೋರಾಗಿ ಅದುಮಿದರೆ ಮಾತ್ರ ದೀಪ ಹತ್ತುತ್ತದೆ. ತಪಾಸಣೆಗೆ ನಿಂತಾಗ ನಾವು ಜೋರಾಗಿಯೇ ಒತ್ತುತ್ತೇವೆ. ದೀಪ ಹತ್ತುತ್ತದೆ, ಎಲ್ಲರಿಗೂ ಸಮಾಧಾನ. ಪೇಟೆಯ ಸಂದಣಿಯಲ್ಲಿ, ಘಾಟಿಯ ಇಳಿಜಾರಿನಲ್ಲಿ ಮೆಲ್ಲ ಮೆಲ್ಲನೆ ಕಾಲಿಡುವಾಗ ಹತ್ತುವುದಿಲ್ಲ. ಮೆಲ್ಲಗೆ ಒತ್ತಿ ನೋಡಿರೆಂದು ಮೊದಲೇ ಹೇಳಿದ್ದು ಇದಕ್ಕಾಗಿ. ಪೂರಾ ಕೆಟ್ಟ ದೀಪಕ್ಕಿಂತ ಇಂಥ ಅರೆಗೆಟ್ಟ ದೀಪಕ್ಕೆ ನಾನು ಹೆಚ್ಚು ಹೆದರುತ್ತೇನೆ.

ಈ ಸ್ವಿಚ್ಚನ್ನು ಮನೆಯಲ್ಲಿ ಬದಲಾಯಿಸಲು ಹೋಗಬೇಡಿ. ಬಿಚ್ಚಿದರೆ ಬ್ರೇಕ್ ಎಣ್ಣೆ ಸುರಿಯುತ್ತದೆ, ಕೊಳವೆಯೊಳಗೆ ಗಾಳಿ ಸೇರುತ್ತದೆ. ಗಾಳಿ ಸೇರಿದ ಬ್ರೇಕು ಕಾಲಿಗೆ ಮೆತ್ತಗಾಗಿ ಬಂಡಿಯನ್ನು ಹಿಡಿಯುವುದಿಲ್ಲ. ದೀಪ ಸರಿಪಡಿಸಲು ಹೋಗಿ ಬ್ರೇಕನ್ನೇ ಕಳೆದುಕೊಂಡಂತಾದೀತು. ಆ ಎಣ್ಣೆ ಕಾರಿನ ಬಣ್ಣಕ್ಕೂ ಶತ್ರು. ಮೆಕ್ಯಾನಿಕ್ಕಿಗೆ ಕೊಟ್ಟು, ‘ಏರ್ ತೆಗೆದಿರಾ?’ ಎಂದು ಕೇಳಿ, ಅಂಗಳದಲ್ಲಿಯೇ ಒಂದೆರಡು ಸಲ ಬ್ರೇಕ್ ಒತ್ತಿ ನೋಡಿ, ಆಮೇಲೆ ರಸ್ತೆಗಿಳಿಯಿರಿ.

ಇದಕ್ಕೆ ವಿರುದ್ಧವಾದ ರೋಗವೂ ಇದೆ: ದೀಪ ಆರದೇ ಇರುವುದು. ಪೆಡಲಿನ ಬಳಿಯ ಸ್ವಿಚ್ಚುಗಳಲ್ಲಿ ಇದು ಸಾಮಾನ್ಯ. ಗುಂಡಿಗೆ ತಾಗುವ ಸಣ್ಣ ರಬ್ಬರೋ ಪ್ಲಾಸ್ಟಿಕ್ಕೋ ವಯಸ್ಸಾಗಿ ಪುಡಿಯಾಗಿ ಉದುರಿದರೆ ಪೆಡಲು ಗುಂಡಿಯನ್ನು ಮುಟ್ಟುವುದಿಲ್ಲ. ಸ್ವಿಚ್ಚು ಸದಾ ಕೂಡಿಯೇ ಇರುತ್ತದೆ. ಕಾಲಡಿಯ ಚಾಪೆಯ ಮೇಲೆ ಗುರುತು ಸಿಗದ ಪ್ಲಾಸ್ಟಿಕ್ ಚೂರುಗಳು ಕಂಡರೆ ಗುಡಿಸಿ ಎಸೆಯುವ ಮುನ್ನ ಹಿಂದಿನ ದೀಪವನ್ನು ಒಮ್ಮೆ ನೋಡಿ. ಬೀಗದ ಕೈಯ ಹಂಗಿಲ್ಲದ ಕಾರಾದರೆ ಮೂರೂವರೆ ಆಂಪಿಯರು ಹತ್ತು ಗಂಟೆ ಹರಿದು ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಬೆಳಗಾಗುವುದರೊಳಗೆ ಬರಿದಾಗುತ್ತದೆ. ಬ್ಯಾಟರಿ ಹೋದರೆ ಹೋಗಲಿ. ಸದಾ ಉರಿಯುವ ಬ್ರೇಕ್ ದೀಪ ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನಂತೆ. ನೀವು ನಿಜವಾಗಿ ನಿಲ್ಲಿಸಿದಾಗ ಅದರ ಮಾತನ್ನು ಹಿಂದಿನವನು ನಂಬುವುದಿಲ್ಲ.

ಈಚೆಗೆ ಹಳೆಯ ಹೋಲ್ಡರಿಗೆ ಕೂರುವ ಎಲ್.ಇ.ಡಿ. ಬಲ್ಬುಗಳು ಅಂಗಡಿಗಳಲ್ಲಿ ಸಿಗುತ್ತಿವೆ. ಅವಕ್ಕೆ ಕರೆಂಟು ಕಡಿಮೆ ಸಾಕು. ಎಳೆಯ ಬಲ್ಬು ಕಾದು ಬೆಳಗಲು ಒಂದು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಹೊತ್ತು ಹಿಡಿಯುತ್ತದೆ. ಇವು ತಟ್ಟನೆ ಹತ್ತುತ್ತವೆ. ಲೆಕ್ಕ ಹಾಕಿದರೆ 50 ಕಿಲೋಮೀಟರು ವೇಗದಲ್ಲಿ ಹಿಂದಿನವನಿಗೆ ಮೂರು ಮೀಟರಿನಷ್ಟು ಲಾಭ. ಆದರೂ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಕೆಂಪು ಗಾಜಿನ ಹಿಂದೆ ಬಿಳಿಯ ಎಲ್.ಇ.ಡಿ. ಹಾಕಿದರೆ ಬಣ್ಣ ಮಂಕಾಗಿ ಕಾಣುವುದುಂಟು. ಕೆಂಪಿನದನ್ನೇ ಕೇಳಿ ಕೊಳ್ಳಿ. ಬ್ರಿಟಿಷ್ ಮಾದರಿಯ ಕೆಲವು ಬಹು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಕಾರಿನ ಮೈಗೆ ಕಟ್ಟಿರುತ್ತಾರೆ. ಎಳೆಯ ಬಲ್ಬಿಗೆ ಯಾವ ದಿಕ್ಕಾದರೂ ಒಂದೇ, ಎಲ್.ಇ.ಡಿ.ಗೆ ಹಾಗಲ್ಲ, ಅಂಥ ಕಾರಿನಲ್ಲಿ ಸಾಮಾನ್ಯ ಎಲ್.ಇ.ಡಿ. ಬಲ್ಬು ಹತ್ತುವುದಿಲ್ಲ. ಇನ್ನು ಅರ್ತು ಕೆಟ್ಟ ಹೋಲ್ಡರಿಗೆ ಎಷ್ಟು ಬೆಲೆಯ ಬಲ್ಬು ಹಾಕಿದರೂ ಒಂದೇ ಫಲ.

ಬಲ್ಬಿನ ಹಿಂದಿನ ಬೆಳ್ಳಿಬಟ್ಟಲು ಮಾಸಿ ಕಂದಾಗಿದ್ದರೆ, ಮುಂದಿನ ಕೆಂಪು ಗಾಜು ಬಿಸಿಲಿಗೆ ಬೆಳ್ಳಗಾಗಿದ್ದರೆ, ಒಳಗಿನದೆಲ್ಲ ಸರಿಯಿದ್ದೂ ಬೆಳಕು ಹೊರಗೆ ಬಾರದು. ಗಾಜು ಎನ್ನುವುದು ರೂಢಿಯ ಮಾತು. ಅದು ಬಹುಮಟ್ಟಿಗೆ ಪ್ಲಾಸ್ಟಿಕ್ಕೇ. ಅದನ್ನು ಬಿಚ್ಚಿ ಸಾಬೂನಿನ ನೀರಿನಲ್ಲಿ ತೊಳೆಯಬಹುದು, ಸೀಮೆಎಣ್ಣೆಯಲ್ಲಿ ಬೇಡ. ಕೂರಿಸುವಾಗ ಅಂಚಿನ ರಬ್ಬರು ಪಟ್ಟಿ ಒಣಗಿ ಬಿರಿದಿದ್ದರೆ ಹೊಸದನ್ನು ಹಾಕಿಸಿ; ಮಳೆಯ ನೀರು ಹೋಲ್ಡರಿಗೆ ಇಳಿಯುವುದು ಆ ಬಿರುಕಿನಿಂದಲೇ. ಸ್ಕ್ರೂಗಳನ್ನು ಕೈ ತಡೆಯುವಷ್ಟು ಮಾತ್ರ ಬಿಗಿಯಿರಿ, ಹೆಚ್ಚು ಬಿಗಿದರೆ ಪ್ಲಾಸ್ಟಿಕ್ಕು ಸೀಳುತ್ತದೆ. ಎರಡು ಎಳೆಯ ಬಲ್ಬುಗಳೆರಡು, ಫ್ಯೂಸುಗಳೆರಡು, ಒಂದು ಅಂಗೈ ಅಗಲದ ಉಪ್ಪುಕಾಗದ, ಇವನ್ನು ಹಳೆಯ ಕಾಲುಚೀಲವೊಂದರಲ್ಲಿ ಸುತ್ತಿ ಡಿಕ್ಕಿಯ ಮೂಲೆಯಲ್ಲಿ ಇಟ್ಟುಕೊಳ್ಳಿ. ಬಲ್ಬು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು, ಕುತ್ತಿಗೆಯ ಮೊಳೆಗಳನ್ನು ಎದುರಿಗಿಟ್ಟು ಹೋಲಿಸಿಯೇ ತನ್ನಿ.